ಹರ್ಡ್‌ನಲ್ಲಿ ‘ಕಂಪ್ಯೂಟರ್ ಬಾಟ್ ದ ಫಾರ್ಮ್’ ಅಂತ ಬರ್ತದೆ, ರೂಟ್ ರೀಡ್-ಓನ್ಲಿ ಆಗ್ತದೆ: ಯಾವ ಸರ್ವರ್ ಸತ್ತದ್ದು ಅಂತ ಹುಡುಕುವುದು ಹೇಗೆ?

ಪೆರ್ಲ_ಪೋರ್ಟ್ | ಪೆರ್ಲ, ಕಾಸರಗೋಡು

ಡೆಬಿಯನ್ ಗ್ನು/ಹರ್ಡ್ 2023 (ಲಿನಕ್ಸ್ ಕರ್ನಲ್ ಬದಲು ಹರ್ಡ್ ಇರುವ ಡೆಬಿಯನ್), 32 ಬಿಟ್. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕ್ಯೂಎಮು (ವರ್ಚುವಲ್ ಮೆಷಿನ್) ಒಳಗೆ ಓಡ್ತಾ ಉಂಟು. ಕೊಟ್ಟದ್ದು 1 ಜಿಬಿ ರ್‍ಯಾಮ್, 4 ಸಿಪಿಯು, ಒಂದು ರಾ ಇಮೇಜ್. ರೂಟ್ ಇರುವುದು ಡಬ್ಲ್ಯೂಡಿ0ಎಸ್2ರಲ್ಲಿ. ಡಬ್ಲ್ಯೂಡಿ0ಎಸ್3ನ್ನು /ಕೆಲಸ ಅಂತ ಬೇರೆ ಇಟ್ಟಿದ್ದೇನೆ, ಕಂಪೈಲ್ ಮಾಡುವುದು ಅಲ್ಲಿ. ಸ್ವಾಪ್ ಇಟ್ಟಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಹೋಗಿದೆ, ಯುಪಿಎಸ್ ಇಲ್ಲ. ತುಲಾ ಮಾಸದ ಗುಡುಗು ಶುರುವಾದ ಮೇಲೆ ಕರೆಂಟು ಎಷ್ಟು ಸಲ ಹೋಗ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಸಿಸ್ಟಮ್ ಪದೇ ಪದೇ ಕ್ರ್ಯಾಶ್ ಆಗ್ತದೆ. ಬರುವ ಮೆಸೇಜುಗಳು:

ಕರೆಂಟು ಹೋಗಿ ಬಂದ ಮೇಲೆ ಬೂಟ್ ಮಾಡಿದರೆ ‘ಫೈಲ್‌ಸಿಸ್ಟಮ್ ನಾಟ್ ಅನ್‌ಮೌಂಟೆಡ್ ಕ್ಲೀನ್ಲಿ, ಪ್ಲೀಸ್ ಎಫ್‌ಎಸ್‌ಸಿಕೆ’ (ಫೈಲ್‌ಸಿಸ್ಟಮ್ ತಪಾಸಣೆ ಮಾಡು ಅಂತ). ಆಮೇಲೆ ‘ಮೌಂಟೆಡ್ ರೀಡ್-ಓನ್ಲಿ’. ಆಪ್ಟ್ ಏನೂ ಬರೀಲಿಕ್ಕೆ ಬಿಡುವುದಿಲ್ಲ.

ಮೇಕ್ -ಜೆ4 ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ /ಕೆಲಸದ ಒಳಗೆ ಎಲ್‌ಎಸ್ ಹಾಕಿದರೆ ‘ಕಂಪ್ಯೂಟರ್ ಬಾಟ್ ದ ಫಾರ್ಮ್’. ಪಿಎಸ್ ಹಾಕಿದರೆ ಅದೂ ಅಲ್ಲೇ ನಿಲ್ತದೆ, ಕಂಟ್ರೋಲ್-ಸಿಗೂ ಬಗ್ಗುವುದಿಲ್ಲ.

ಜಾಗ ಸಾಲದೆ ಇನ್ನೊಂದು ಡಿಸ್ಕ್ ಇಮೇಜ್ ಮಾಡಿ, ಲಿನಕ್ಸ್‌ನಲ್ಲೇ ಫಾರ್ಮ್ಯಾಟ್ ಮಾಡಿ ಡಬ್ಲ್ಯೂಡಿ1 ಅಂತ ಸೇರಿಸಿದೆ. ಅದಕ್ಕೆ ಸೆಟ್‌ಟ್ರಾನ್ಸ್ (ಡೈರೆಕ್ಟರಿಗೆ ಟ್ರಾನ್ಸ್‌ಲೇಟರ್, ಅಂದರೆ ಅದನ್ನು ನಡೆಸುವ ಸರ್ವರ್, ಕಟ್ಟುವ ಕಮಾಂಡ್) ಮಾಡಿದ ಡೈರೆಕ್ಟರಿಯನ್ನು ತೆರೆದರೆ ‘ಟ್ರಾನ್ಸ್‌ಲೇಟರ್ ಡೈಡ್’. ಯಾಕೆ ಸತ್ತಿತು ಅಂತ ಒಂದಕ್ಷರ ಇಲ್ಲ.

ಮೊನ್ನೆ ಅಪ್‌ಗ್ರೇಡ್ ಅರ್ಧದಲ್ಲಿ ನಿಂತ ಮೇಲೆ ಕೆಲವು ಕಮಾಂಡಿಗೆ ‘ಐಪಿಸಿ/ಮಿಗ್ ಬ್ಯಾಡ್ ರಿಕ್ವೆಸ್ಟ್ ಮೆಸೇಜ್ ಐಡಿ’.

ರ್‍ಯಾಮ್ ಕಡಿಮೆಯಾದದ್ದಾ, ಡಿಸ್ಕ್ ಇಮೇಜ್ ಹಾಳಾದದ್ದಾ, ಹರ್ಡ್ ಇರುವುದೇ ಹೀಗಾ?

ಮಾಕ್_ಮಾಣಿ | ಕುಂಬಳೆ

ಒಂದೇ ಕ್ರ್ಯಾಶ್ ಅಂತ ನೀವು ಬರೆದದ್ದು ನಾಲ್ಕು ಬೇರೆ ಬೇರೆ ರೋಗ ಮಾರಾಯ್ರೇ. ಲಿನಕ್ಸ್‌ನ ಅಭ್ಯಾಸದಲ್ಲಿ ‘ಸಿಸ್ಟಮ್ ಹೋಯ್ತು’ ಅಂತ ರೀಸೆಟ್ ಒತ್ತಿದರೆ ಇಲ್ಲಿ ಎರಡನೆಯ ರೋಗಕ್ಕೆ ಮೊದಲನೆಯದ್ದೂ ಸೇರ್ತದೆ. ಹರ್ಡ್‌ನಲ್ಲಿ ಕರ್ನಲ್ ಅಂದರೆ ಗ್ನು ಮಾಕ್ ಮಾತ್ರ: ಮೆಮೊರಿ, ಥ್ರೆಡ್, ಪೋರ್ಟುಗಳ (ಮೆಸೇಜು ತಲುಪುವ ಬಾಗಿಲುಗಳ) ನಡುವೆ ಮೆಸೇಜು ಸಾಗಿಸುವುದು. ಫೈಲ್‌ಸಿಸ್ಟಮಿನ ಎಕ್ಸ್ಟ್2ಎಫ್‌ಎಸ್, ನೆಟ್‌ವರ್ಕಿನ ಪಿಎಫ್‌ಐನೆಟ್, ಪ್ರೊಸೆಸ್ ಲೆಕ್ಕದ ಪ್ರಾಕ್, ಯಾರು ಅಂತ ಗುರುತು ನೋಡುವ ಆಥ್, ಡಿಸ್ಕಿನ ರಂಪ್‌ಡಿಸ್ಕ್ ಎಲ್ಲವೂ ಸಾದಾ ಪ್ರೊಸೆಸ್‌ಗಳು. ಪ್ರತಿ ಪಾರ್ಟಿಶನ್‌ಗೆ ಬೇರೆ ಬೇರೆ ಎಕ್ಸ್ಟ್2ಎಫ್‌ಎಸ್. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದು ಸತ್ತದ್ದು, ಯಾವಾಗ ಸತ್ತದ್ದು?

ಕೆಳಗೆ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ‘ದೊಡ್ಡ’ ಅಂತ ಹೇಳದೆ ಇದ್ದಲ್ಲೆಲ್ಲ ಇಂಗ್ಲಿಷ್ ಸಣ್ಣಕ್ಷರ.

‘ಕಂಪ್ಯೂಟರ್ ಬಾಟ್ ದ ಫಾರ್ಮ್’: ನಮ್ಮ ಊರಲ್ಲಿ ತೋಟ ಕೊಂಡರೆ ಪಾಯಸ ಮಾಡ್ತಾರೆ, ಆ ಇಂಗ್ಲಿಷಿನಲ್ಲಿ ಅದಕ್ಕೆ ಗೊಟಕ್ ಅಂತ ಅರ್ಥ. ಹರ್ಡ್ ಬರೆದವರ ತಮಾಷೆ, ಆದರೆ ಮೆಸೇಜಿನ ಹಿಂದೆ ಖಚಿತ ಸಂಗತಿ ಉಂಟು. ನಿಮ್ಮ ಪ್ರೊಸೆಸ್ ಒಂದು ಪೋರ್ಟ್ ಹಿಡಿದುಕೊಂಡಿತ್ತು, ಆಚೆ ಬದಿಯ ಸರ್ವರ್ ಸತ್ತು ಆ ಪೋರ್ಟ್ ಮಡಿದಿದೆ. ಮಾಕ್ ಕೊಡುವುದು ‘ಇನ್‌ವ್ಯಾಲಿಡ್ ಡೆಸ್ಟಿನೇಶನ್ ಪೋರ್ಟ್’, ಮಿಗ್ (ಮೆಸೇಜು ಕಳಿಸುವ, ಪಡೆಯುವ ಕೋಡ್ ಬರೆದುಕೊಡುವ ಉಪಕರಣ) ಕೊಡುವುದು ‘ಮಿಗ್ ಸರ್ವರ್ ಡೈಡ್’. ಸಿ ಲೈಬ್ರರಿ ಅವೆರಡನ್ನೂ ಈ ಒಂದೇ ಎರರ್ ಆಗಿ ಬದಲಾಯಿಸಿ ನಿಮ್ಮ ಮುಂದೆ ಇಡ್ತದೆ. ಅಂದರೆ ಸರ್ವರ್ ಮೊದಲು ಬದುಕಿತ್ತು, ಕೆಲಸ ಮಾಡ್ತಾ ಇತ್ತು, ನಡುವೆ ಸತ್ತಿತು. ನಿಮ್ಮ ಲೆಕ್ಕದಲ್ಲಿ /ಕೆಲಸದ ಎಕ್ಸ್ಟ್2ಎಫ್‌ಎಸ್.

‘ಟ್ರಾನ್ಸ್‌ಲೇಟರ್ ಡೈಡ್’ ಇದಲ್ಲ. ಇದು ಹುಟ್ಟುವಾಗಲೇ ಸತ್ತದ್ದು: ಟ್ರಾನ್ಸ್‌ಲೇಟರ್ ಪ್ರೋಗ್ರಾಂ ಶುರುವಾಯ್ತು, ತನ್ನ ನೋಡ್‌ಗೆ ಸೇರಿಕೊಳ್ಳುವ ಮೊದಲೇ ಎಕ್ಸಿಟ್ ಆಯ್ತು. ಕಾರಣ ಬಹುಪಾಲು ಆರ್ಗ್ಯುಮೆಂಟ್ ತಪ್ಪು, ಡಿವೈಸ್ ಇಲ್ಲ, ಇಲ್ಲವೇ ಫೈಲ್‌ಸಿಸ್ಟಮ್ ಅದಕ್ಕೆ ಓದಲಿಕ್ಕೆ ಆಗದ ಜಾತಿಯದ್ದು. ನೀವು ಲಿನಕ್ಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ್ದೇನೆ ಅಂದಿರಿ, ಎಕ್ಸ್ಟ್4 ಅಂತ ಬರೆಯಲಿಲ್ಲ, ಆದರೂ ನನಗೆ ಅದೇ ಅನುಮಾನ. ಲಿನಕ್ಸ್‌ನಲ್ಲಿ ಡಂಪ್‌ಇ2ಎಫ್‌ಎಸ್ -ಎಚ್ ಹಾಕಿ ಮೂರು ಸಾಲು ನೋಡಿ: ಫೀಚರ್ಸ್, ಒಎಸ್ ಟೈಪ್, ಐನೋಡ್ ಸೈಜ್. ಎಕ್ಸ್‌ಟೆಂಟ್, 64ಬಿಟ್, ಮೆಟಾಡೇಟಾ_ಸಿಸಮ್ ಅಂತ ಇದ್ದರೆ ಹರ್ಡ್‌ನ ಎಕ್ಸ್ಟ್2ಎಫ್‌ಎಸ್ ಅದನ್ನು ಮುಟ್ಟುವುದಿಲ್ಲ. ಖಾಲಿ ಡಿಸ್ಕ್ ಆದರೆ ಪುನಃ ಹೀಗೆ:

ಎಂಕೆಇ2ಎಫ್‌ಎಸ್ -ಟಿ ಎಕ್ಸ್ಟ್2 -ಬಿ 4096 -ಐ 128 -ಒ ಹರ್ಡ್ /ಡೆವ್/ಲೂಪ್0ಪಿ1

ಐ ದೊಡ್ಡ ಅಕ್ಷರ. ಕೊನೆಯ ‘-ಒ ಹರ್ಡ್’ ಬಿಡಬೇಡಿ. ಪ್ಯಾಸಿವ್ ಟ್ರಾನ್ಸ್‌ಲೇಟರ್‌ನ (ಡಿಸ್ಕಿನಲ್ಲಿ ಬರೆದಿಟ್ಟು, ನೋಡ್ ತೆರೆದಾಗ ತಾನಾಗಿ ಏಳುವಂಥದ್ದರ) ದಾಖಲೆ ಹರ್ಡ್ ಕ್ರಮದಲ್ಲಿ ಐನೋಡ್‌ನಲ್ಲೇ ಬರೆಯಲ್ಪಡುವುದು, ಅದಕ್ಕೆ ಈ ಗುರುತು ಬೇಕು.

‘ಬ್ಯಾಡ್ ರಿಕ್ವೆಸ್ಟ್ ಮೆಸೇಜ್ ಐಡಿ’, ನಂಬರಿನಲ್ಲಿ -303: ಸರ್ವರ್ ಬದುಕಿದೆ, ನಿಮ್ಮ ಮೆಸೇಜು ತಲುಪಿದೆ, ಆದರೆ ಆ ನಂಬರಿನ ಕೆಲಸ ಅದಕ್ಕೆ ಗೊತ್ತಿಲ್ಲ. ಅಪ್‌ಗ್ರೇಡ್ ಅರ್ಧಕ್ಕೆ ನಿಂತಲ್ಲಿ ಇದು ಸಹಜ, ಡಿಸ್ಕಿನಲ್ಲಿ ಲೈಬ್ರರಿ ಹೊಸತು, ಮೆಮೊರಿಯಲ್ಲಿ ಓಡುವ ಸರ್ವರ್ ಹಳತು. ಡಿಪಿಕೆಜಿ --ಕಾನ್ಫಿಗರ್ -ಎ ಮುಗಿಸಿ ರೀಬೂಟ್ ಮಾಡಿ. ಗ್ನುಮಾಕ್, ಹರ್ಡ್, ಹರ್ಡ್-ಲಿಬ್ಸ್0.3, ಲಿಬ್‌ಸಿ0.3 ಈ ನಾಲ್ಕೂ ಒಟ್ಟಿಗೆ ಏರಬೇಕು. ಸೋರ್ಸಸ್ ಪಟ್ಟಿಯಲ್ಲಿ ಸಿಡ್ (ಡೆಬಿಯನ್‌ನ ಅಸ್ಥಿರ ಶಾಖೆ) ಹಾಕಿದ್ದರೆ ಡೆಬಿಯನ್ ಪೋರ್ಟ್ಸ್‌ನ ‘ಅನ್‌ರಿಲೀಸ್ಡ್’ ಸಾಲೂ ಬೇಕು. ಅದಿಲ್ಲದೆ ಹೋದರೆ ಕೆಲವು ಪ್ಯಾಕೇಜು ಹಿಂದೆ ಉಳಿದು ಇದೇ ಗತಿ.

ನಂಬರು ಮಾತ್ರ ಕಂಡರೆ ಹೀಗೆ ಓದಿ. 0ಎಕ್ಸ್4 ಅಂತ ಶುರುವಾಗಿ ನಡುವೆ ಸೊನ್ನೆಗಳಿದ್ದರೆ ಅದು ಮಾಮೂಲಿ ಯುನಿಕ್ಸ್ ಎರರ್, ಕೊನೆಯ ಅಂಕಿಗಳನ್ನು ಮಾತ್ರ ನೋಡಿ: 0ಎಕ್ಸ್40000002 ಅಂದರೆ ಫೈಲ್ ಇಲ್ಲ, 0ಎಕ್ಸ್4000001ಇ ಅಂದರೆ ರೀಡ್-ಓನ್ಲಿ. 0ಎಕ್ಸ್1000 ಅಂತ ಶುರುವಾದರೆ ಮಾಕ್‌ನ ಮೆಸೇಜು ಸಾಗಾಟದ ತೊಂದರೆ: 0ಎಕ್ಸ್10000003 ಎಂಬುದೇ ಆ ಮಡಿದ ಪೋರ್ಟ್. ಮೈನಸ್ 300ರಿಂದ ಕೆಳಗೆ ಇದ್ದರೆ ಮಿಗ್: -303 ಆಗಲೇ ಹೇಳಿದ್ದು, -304 ಸರ್ವರ್ ಬದಿಯಲ್ಲಿ ಟೈಪ್ ಹೊಂದಲಿಲ್ಲ, -308 ಸರ್ವರ್ ಸತ್ತಿತು. ಆರ್‌ಪಿಸಿಟ್ರೇಸ್ -ಒ ಲಾಗ್ ಎಂದು ಹಾಕಿ ಮುಂದೆ ನಿಮ್ಮ ಕಮಾಂಡ್ ಕೊಟ್ಟರೆ ಯಾವ ಪೋರ್ಟಿಗೆ ಏನು ಹೋಯಿತು, ಯಾವ ನಂಬರು ಬಂತು ಎಲ್ಲ ಸಿಗ್ತದೆ. ಲಿನಕ್ಸ್‌ನ ಎಸ್‌ಟ್ರೇಸ್‌ನ ಜಾಗದಲ್ಲಿ ಇಲ್ಲಿ ಅದು.

ಪಿಎಸ್ ನಿಲ್ಲುವುದಕ್ಕೆ ಕಾರಣ: ಅದು ಪ್ರತಿ ಪ್ರೊಸೆಸ್‌ನ ಮೆಸೇಜ್ ಪೋರ್ಟಿಗೂ ಹೋಗಿ ಮಾತಾಡಿಸ್ತದೆ. ಹ್ಯಾಂಗ್ ಆದವ ಉತ್ತರ ಕೊಡುವುದಿಲ್ಲ, ಇದು ಕಾದು ಕೂರ್ತದೆ. ಪಿಎಸ್ -ಎ -ಎಂ ಹಾಕಿ, ಎರಡೂ ದೊಡ್ಡಕ್ಷರ. ಎಂ ಅಂದರೆ ಮೆಸೇಜ್ ಪೋರ್ಟ್ ಮುಟ್ಟಬೇಡ ಅಂತ. ಸಿಕ್ಕಿಹಾಕಿಕೊಂಡದ್ದನ್ನು ಕಿಲ್ -9 ಮಾಡಿ. ಬೇರೆ ಸಿಗ್ನಲ್‌ಗಳಿಗೆ ಆ ಪ್ರೊಸೆಸ್ಸೇ ಒಳಗಿಂದ ಸ್ಪಂದಿಸಬೇಕು, 9ಕ್ಕೆ ಬೇಡ. ಅದು ನೇರ ಟಾಸ್ಕನ್ನೇ ಮುಗಿಸ್ತದೆ.

/ಕೆಲಸದ ಎಕ್ಸ್ಟ್2ಎಫ್‌ಎಸ್ ಸತ್ತಾಗ: ಸೆಟ್‌ಟ್ರಾನ್ಸ್ -ಎಫ್‌ಜಿ /ಕೆಲಸ, ಮತ್ತೆ ಸಿಡಿ /ಕೆಲಸ. ಸಿಡಿ ಬಿಡಬೇಡಿ. ನಿಮ್ಮ ಶೆಲ್ಲಿನ ಕೈಯಲ್ಲಿ ಇರುವುದು ಹಳೆಯ, ಮಡಿದ ಪೋರ್ಟು. ಸರ್ವರ್ ಹೊಸತು ಎದ್ದರೂ ಆ ಶೆಲ್ಲಿಗೆ ಫಾರ್ಮೇ ಕಾಣುವುದು.

ರೀಡ್-ಓನ್ಲಿ ರೂಟಿಗೆ: ಎಫ್‌ಎಸ್‌ಸಿಕೆ ಮಾಡದೆ ಎಫ್‌ಸಿಸ್‌ಆಪ್ಟ್ಸ್ / --ರೈಟೆಬಲ್ ಕೊಡಬೇಡಿ. ಮೆಸೇಜಿನಲ್ಲೇ ಆ ಕಮಾಂಡ್ ಬರೆದಿರ್ತದೆ, ಹಾಗಾಗಿ ಎಲ್ಲರೂ ಅದನ್ನೇ ಹೊಡೆಯುವುದು. ಈ ಎಕ್ಸ್ಟ್2ಎಫ್‌ಎಸ್‌ಗೆ ಜರ್ನಲ್ ಇಲ್ಲ. ಬಿಟ್‌ಮ್ಯಾಪ್ ತಪ್ಪಿರುವಾಗ ಬರೆಯಲಿಕ್ಕೆ ಬಿಟ್ಟರೆ ಒಂದು ಫೈಲಿನ ಬ್ಲಾಕನ್ನು ಇನ್ನೊಂದಕ್ಕೆ ಕೊಟ್ಟುಬಿಡ್ತದೆ. ಎಫ್‌ಎಸ್‌ಸಿಕೆ.ಎಕ್ಸ್ಟ್2 -ಎಫ್ -ವೈ /ಡೆವ್/ಡಬ್ಲ್ಯೂಡಿ0ಎಸ್2, ಆಮೇಲೆ ರೀಬೂಟ್. ಓಡ್ತಾ ಇರುವ ಸರ್ವರ್‌ನ ತಲೆಯಲ್ಲಿ ಹಳೆಯ ಮೆಟಾಡೇಟಾ ಇರುವ ಕಾರಣ ರೀಬೂಟೇ ಸುರಕ್ಷಿತ.

ಭೀಮಾತೀರ | ಅಕ್ಕಲಕೋಟ

ಮ್ಯಾಲಿನವ್ರು ಎರರ್ ಚಲೋ ಬಿಡಿಸಿ ಹೇಳ್ಯಾರ. ಆದ್ರ /ಕೆಲಸದ ಸರ್ವರ್ ಯಾಕ ಸಾಯ್ತದ ಅನ್ನೋದು ಉಳೀತು. ನನ್ನ ಲೆಕ್ಕದಾಗ ಅದು ಮೆಮೊರಿ, ಅದರಾಗೂ ಸ್ವಾಪ್ ಇಲ್ಲದ್ದು.

ಮೊದಲು ಮೇಕ್ -ಜೆ4 ಬಿಡ್ರಿ. 2023ರ ಮಾಮೂಲಿ ಗ್ನು ಮಾಕ್ ಒಂದ ಸಿಪಿಯು ನಡಸ್ತದ. ಕ್ಯೂಎಮುಗೆ ನಾಕು ಕೊಟ್ರೂ ಮೂರು ಸುಮ್ನ ಕುಂಡ್ರತಾವ. ಜೆ4ದಿಂದ ವೇಗ ಏನೂ ಬರಂಗಿಲ್ಲ, ನಾಕು ಕಂಪೈಲರ್ ಒಂದ ಹೊತ್ತಿಗೆ ಮೆಮೊರಿ ತಿಂತಾವ ಅಷ್ಟ. ಸಿ++ ಫೈಲ್ ಇದ್ರ 1 ಜಿಬಿ ಯಾವ ಮೂಲಿಗೆ? ಎಸ್‌ಎಂಪಿ 1, ಜೆ1.

ಈಗ ಮೈಕ್ರೋಕರ್ನಲ್‌ದ (ಮಾಕ್‌ನಂಥ ಸಣ್ಣ ಕರ್ನಲ್) ತಿರುಳು ನೋಡ್ರಿ. ಮೆಮೊರಿ ತುಂಬಿತು ಅಂದ್ರ ಮಾಕ್ ಪೇಜು ಹೊರಗ ಹಾಕ್ಬೇಕು. ಫೈಲಿಂದು ಇದ್ರ ಅದನ್ನ ಎಕ್ಸ್ಟ್2ಎಫ್‌ಎಸ್‌ಗೆ ಮೆಸೇಜ್ ಮಾಡಿ ಕಳಸ್ತದ: ‘ಇದನ್ನ ಡಿಸ್ಕಿಗೆ ಬರಿ’. ಪ್ರೋಗ್ರಾಂದ ಸ್ವಂತ ಮೆಮೊರಿ ಇದ್ರ ಡೀಫಾಲ್ಟ್ ಪೇಜರ್‌ಗೆ ಕಳಸ್ತದ, ಆ ಪೇಜರ್ ಸ್ವಾಪಿಗೆ ಬರೀತದ. ಸ್ವಾಪ ಇಲ್ಲ ಅಂದ್ರ ಎರಡನೇ ದಾರಿ ಬಂದ್. ಎಲ್ಲಾ ಭಾರ ಎಕ್ಸ್ಟ್2ಎಫ್‌ಎಸ್ ಮ್ಯಾಲೆ. ಅದೂ ಒಂದು ಪ್ರೊಸೆಸ್ಸ, ಬರೀಬೇಕಂದ್ರ ಅದಕ್ಕೂ ಬಫರ್ ಬೇಕು, ಥ್ರೆಡ್ಡಿಗೆ ಸ್ಟ್ಯಾಕ್ ಬೇಕು. ಮೆಮೊರಿ ಖಾಲಿ ಮಾಡಾಕ ಮೆಮೊರಿ ಬೇಕು. ಬಾವಿ ಒಣಗಿದ ಹೊತ್ತಿನಾಗ ಪಂಪಿಗೆ ಪ್ರೈಮಿಂಗ್ ನೀರು ಹುಡುಕಿದಂಗ. ಇದರ ಜೋಡಿ ಬಂದಷ್ಟು ಮೆಸೇಜಿಗೆ ಖಾಲಿ ಥ್ರೆಡ್ ಇಲ್ದಿದ್ರ ಸರ್ವರ್ ಹೊಸ ಥ್ರೆಡ್ ಹುಟ್ಟಸ್ತದ. ಒಮ್ಮಿಗೆ ನೂರಾರು ಪೇಜ್ ಬಂದ್ರ ನೂರಾರು ಥ್ರೆಡ್. ಆಗ ಒಂದೋ ಎಲ್ಲಾ ನಿಂತುಬಿಡ್ತದ, ಇಲ್ಲಾ ಎಲ್ಲೋ ಒಂದು ಅಲೊಕೇಶನ್ ಸೋತು ಆ ಎಕ್ಸ್ಟ್2ಎಫ್‌ಎಸ್ ಬೀಳ್ತದ. ನಿಮಗ ಎರಡೂ ಆಗ್ಯಾವ.

ಪರೀಕ್ಷೆ ಮಾಡೂದು: ಇನ್ನೊಂದು ಟರ್ಮಿನಲ್ಲಿನಾಗ ವಿಎಂಸ್ಟ್ಯಾಟ್ ಹಾಕ್ರಿ. ಹರ್ಡ್‌ದು ಸಾಲುಸಾಲಾಗಿ ಬರ್ತದ. ‘ಫ್ರೀ’, ‘ವೈರ್ಡ್’, ‘ಪೇಜೌಟ್ಸ್’, ‘ಸ್ವಾಪ್ ಸೈಜ್’, ‘ಸ್ವಾಪ್ ಫ್ರೀ’ ಇಷ್ಟು ನೋಡ್ರಿ. ಕಂಪೈಲ್ ನಡದಾಗ ಫ್ರೀ ಇಳಕೋತ ಹೋಗಿ ಸ್ವಾಪ್ ಸೈಜ್ ಸೊನ್ನಿ ಇತ್ತಂದ್ರ ಮಾತ ಮುಗೀತು. ಫ್ರೀ ಸಾಕಷ್ಟ ಇದ್ದೂ ಸತ್ರ ನನ್ನ ಊಹೆ ತಪ್ಪು, ಆಗ ಬ್ಯಾರೆ ಹುಡುಕ್ರಿ.

ಸ್ವಾಪ್ ಸೇರಸೂದು, ಲಿನಕ್ಸ್ ಕಡಿಂದ:

ಕ್ಯೂಎಮು-ಐಎಂಜಿ ಕ್ರಿಯೇಟ್ -ಎಫ್ ರಾ ಸ್ವಾಪ್.ಇಮೇಜ್ 1ಜಿ
ಎಂಕೆಸ್ವಾಪ್ ಸ್ವಾಪ್.ಇಮೇಜ್

ಇದನ್ನ ಮೂರನೇ ಡಿಸ್ಕ್ ಮಾಡಿ ಕ್ಯೂಎಮುಗೆ ಕೊಡ್ರಿ, ಒಳಗ ಡಬ್ಲ್ಯೂಡಿ2 ಅಂತ ಕಾಣ್ತದ. /ಡೆವ್ ಒಳಗ ಆ ಹೆಸರು ಇಲ್ಲಂದ್ರ ಅಲ್ಲೇ ನಿಂತು ಮೇಕ್‌ಡೆವ್ ಡಬ್ಲ್ಯೂಡಿ2 ಹೊಡೀರಿ, ಮೇಕ್‌ಡೆವ್ ಪೂರಾ ದೊಡ್ಡಕ್ಷರ. ಸ್ವಾಪ್‌ಆನ್ /ಡೆವ್/ಡಬ್ಲ್ಯೂಡಿ2 ಕೊಟ್ಟು ವಿಎಂಸ್ಟ್ಯಾಟ್‌ದಾಗ ಸ್ವಾಪ್ ಸೈಜ್ 1ಜಿ ಹತ್ರ ಬಂತೇನು ನೋಡ್ರಿ, ಬಂದ ಮ್ಯಾಲ ಎಫ್‌ಎಸ್‌ಟ್ಯಾಬಿಗೆ ಬರೀರಿ. ಟಿಎಂಪಿಎಫ್‌ಎಸ್ (ಮೆಮೊರಿಯೊಳಗಿನ ಫೈಲ್‌ಸಿಸ್ಟಮ್) ಮ್ಯಾಲ ಕಂಪೈಲ್ ಮಾಡೂ ಆಸೆ ಇದ್ರ ಬಿಡ್ರಿ, ಅದೂ ಡೀಫಾಲ್ಟ್ ಪೇಜರ್ ಮ್ಯಾಲೇ ನಿಂತದ.

ಇನ್ನೊಂದು ಮಾತು. ಕೆಲವ್ರು ಮಿನಿಕ್ಸ್ 3 ನೋಡಿ ಬಂದು ‘ಹರ್ಡ್‌ದಾಗ ಸತ್ತ ಸರ್ವರ್ ತಾನಾಗಿ ಯಾಕ ಏಳಂಗಿಲ್ಲ’ ಅಂತಾರ. ಅಲ್ಲಿ ರೀಇನ್‌ಕಾರ್ನೇಶನ್ ಸರ್ವರ್ ಅಂತ ಒಬ್ಬ ಕಾವಲುಗಾರ ಇದ್ದಾನ, ಸತ್ತ ಡ್ರೈವರ್ ಎಬ್ಬಸ್ತಾನ. ಇಲ್ಲಿ ಅಂಥವ ಇಲ್ಲ. ಪ್ಯಾಸಿವ್ ದಾಖಲೆ ಇದ್ರ ಮುಂದಿನ ಸಲ ಯಾರರೆ ಆ ನೋಡ್ ತೆರದಾಗ ಹೊಸದು ಹುಟ್ತದ, ಅಷ್ಟ. ಮಿನಿಕ್ಸ್‌ದಾಗೂ ಡ್ರೈವರ್ ಎಬ್ಬಸೂದು ಸಲೀಸು, ಫೈಲ್‌ಸಿಸ್ಟಮ್ ಸರ್ವರ್ ಅಷ್ಟು ಸಲೀಸಲ್ಲ, ಯಾಕಂದ್ರ ತೆರೆದ ಫೈಲುಗಳ ನೆನಪೆಲ್ಲಾ ಅದರ ಹೊಟ್ಟ್ಯಾಗ ಇರ್ತದ.

ಪೆರ್ಲ_ಪೋರ್ಟ್

ಇಬ್ಬರಿಗೂ ಉಪಕಾರ. ನೋಡಿದ್ದು:

ಡಂಪ್‌ಇ2ಎಫ್‌ಎಸ್‌ನಲ್ಲಿ ಡಬ್ಲ್ಯೂಡಿ1ರದ್ದು ಒಎಸ್ ಟೈಪ್ ಲಿನಕ್ಸ್, ಐನೋಡ್ 256, ಫೀಚರ್ಸ್‌ನಲ್ಲಿ ಎಕ್ಸ್‌ಟೆಂಟ್, 64ಬಿಟ್, ಮೆಟಾಡೇಟಾ_ಸಿಸಮ್ ಮೂರೂ ಉಂಟು. ಎಕ್ಸ್ಟ್4 ಹೌದು. ಪುನಃ ಫಾರ್ಮ್ಯಾಟ್ ಮಾಡಿದ ಮೇಲೆ ಸರಿಯಾಗಿ ತೆರೀತದೆ.

ವಿಎಂಸ್ಟ್ಯಾಟ್: ಕಂಪೈಲ್‌ನ ನಡುವೆ ಫ್ರೀ 11 ಎಂ, ಸ್ವಾಪ್ ಸೈಜ್ 0.

ಸೆಟ್‌ಟ್ರಾನ್ಸ್ -ಎಫ್‌ಜಿ /ಕೆಲಸ ಹಾಕಿದೆ. ಈಗ /ಕೆಲಸ ಖಾಲಿ ಡೈರೆಕ್ಟರಿ! ಶೋಟ್ರಾನ್ಸ್ /ಕೆಲಸಕ್ಕೆ ಉತ್ತರವೇ ಇಲ್ಲ. ಫೈಲೆಲ್ಲ ಹೋಯ್ತಾ?

ಮತ್ತೊಂದು: ಗ್ರಬ್ ಸಾಲನ್ನು ಹಳೆಯ ಒಂದು ಗೈಡ್ ನೋಡಿ ತಿದ್ದಿದೆ, ರೂಟ್ ಈಕ್ವಲ್ಸ್ ಡಿವೈಸ್:ಎಚ್‌ಡಿ0ಎಸ್2 ಅಂತ. ಈಗ ‘ಎಕ್ಸ್ಟ್2ಎಫ್‌ಎಸ್: ಡಿವೈಸ್:ಎಚ್‌ಡಿ0ಎಸ್2: ನೋ ಸಚ್ ಡಿವೈಸ್ ಆರ್ ಅಡ್ರೆಸ್’ ಅಂತ ಬಂದು ಬೂಟ್ ಅಲ್ಲಿಗೆ ನಿಂತಿದೆ.

ಕೆರೆಯಂಗಳ | ಹೊಸೂರು

ಫೈಲ್ ಎಲ್ಲೂ ಹೋಗಿಲ್ಲ, ಗಾಬರಿ ಬೇಡ. ಮಾಣಿ ಅವರು ಕೊಟ್ಟ ಕಮಾಂಡಲ್ಲಿ ಒಂದಕ್ಷರ ಬಿಟ್ಟುಹೋಗಿದೆ. ಸೆಟ್‌ಟ್ರಾನ್ಸ್‌ಗೆ -ಎ ಕೊಡದೇ ಇದ್ದರೆ ಅದು ಪ್ಯಾಸಿವ್ ದಾಖಲೆಯನ್ನೂ ಮುಟ್ಟುತ್ತೆ. ಮುಂದೆ ಟ್ರಾನ್ಸ್‌ಲೇಟರ್ ಹೆಸರು ಬರೆದಿಲ್ಲ ಅಂದ್ರೆ ‘ಖಾಲಿ ಮಾಡು’ ಅಂತ ಅರ್ಥ. ಓಡ್ತಿರೋದನ್ನ ಮಾತ್ರ ಕೊಲ್ಲೋಕೆ ಸೆಟ್‌ಟ್ರಾನ್ಸ್ -ಎಫ್‌ಜಿಎ /ಕೆಲಸ, ಎ ಸಣ್ಣದು. ನಿಮಗೀಗ ಬೇಕಾಗಿರೋದು ಎರಡನ್ನೂ ಹೊಸದಾಗಿ ಹಾಕೋದು:

ಸೆಟ್‌ಟ್ರಾನ್ಸ್ -ಎಫ್‌ಜಿಎಪಿ /ಕೆಲಸ /ಹರ್ಡ್/ಎಕ್ಸ್ಟ್2ಎಫ್‌ಎಸ್ /ಡೆವ್/ಡಬ್ಲ್ಯೂಡಿ0ಎಸ್3

ಸರ್ವರ್ ಕೆಲಸದ ನಡುವೆ ಸತ್ತಿದೆ, ಆದ್ದರಿಂದ ಇದಕ್ಕೆ ಮುಂಚೆ ಡಬ್ಲ್ಯೂಡಿ0ಎಸ್3ಕ್ಕೂ ಎಫ್‌ಎಸ್‌ಸಿಕೆ ಹೊಡೀರಿ. ಹಾಗೇ ‘ಟ್ರಾನ್ಸ್‌ಲೇಟರ್ ಡೈಡ್’ ಜೊತೆ ಕಾರಣ ಬರಲಿಲ್ಲ ಅಂದಿದ್ರಲ್ಲ, ನೀವು ಹಾಕಿದ್ದು ಪ್ಯಾಸಿವ್. ಪ್ಯಾಸಿವ್ ಆಗಿ ಹುಟ್ಟಿದ ಟ್ರಾನ್ಸ್‌ಲೇಟರ್‌ನ ಗೋಳು ನಿಮ್ಮ ಟರ್ಮಿನಲ್‌ಗೆ ಬರಲ್ಲ. ಹೊಸದನ್ನ ಮೊದಲ ಸಲ ಯಾವಾಗಲೂ -ಎ ಕೊಟ್ಟು ಎಬ್ಬಿಸಿ, ಬೈಗುಳ ಎಲ್ಲಾ ಕಣ್ಣೆದುರೇ ಬೀಳುತ್ತೆ. ಸರಿ ಅನ್ನಿಸಿದ ಮೇಲೆ -ಪಿ.

ಬೂಟ್: ಆ ಗೈಡ್ ಬರೆದಾಗ ಡಿಸ್ಕ್ ಡ್ರೈವರ್ ಕರ್ನಲ್ ಒಳಗಿತ್ತು, ಹೆಸರು ಎಚ್‌ಡಿ0. ಈಗ ಡಿಸ್ಕ್ ನೋಡಿಕೊಳ್ಳೋದು ರಂಪ್‌ಡಿಸ್ಕ್, ನೆಟ್‌ಬಿಎಸ್‌ಡಿ ಡ್ರೈವರ್‌ಗಳನ್ನ ಯೂಸರ್ ಕಡೆ ಓಡಿಸೋ ಸರ್ವರ್, ಅದಕ್ಕೇ ನೆಟ್‌ಬಿಎಸ್‌ಡಿ ಹೆಸರು ಡಬ್ಲ್ಯೂಡಿ0. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಮಲ್ಟಿಬೂಟ್ ಸಾಲಿನಲ್ಲಿ ಹೀಗಿರಬೇಕು:

ರೂಟ್=ಪಾರ್ಟ್:2:ಡಿವೈಸ್:ಡಬ್ಲ್ಯೂಡಿ0 ನೋಐಡಿಇ

ಇಲ್ಲಿ ‘ಪಾರ್ಟ್:2’ ಯಾಕೆ ಅಂದ್ರೆ ರಂಪ್‌ಡಿಸ್ಕ್ ಇಡೀ ಡಿಸ್ಕನ್ನ ಕೊಡುತ್ತೆ, ಪಾರ್ಟಿಶನ್ ಬಿಡಿಸೋದು ಎಕ್ಸ್ಟ್2ಎಫ್‌ಎಸ್ ಒಳಗಿನ ಲೈಬ್ರರಿ. ನೋಐಡಿಇ ಕೊಟ್ಟರೆ ಕರ್ನಲ್‌ನ ಹಳೇ ಡ್ರೈವರ್ ಡಿಸ್ಕ್ ಮೇಲೆ ಕೈ ಹಾಕಲ್ಲ. ಒಂದೇ ಡಿಸ್ಕಿಗೆ ಇಬ್ಬರು ಡ್ರೈವರ್ ಬಂದರೆ ಬೂಟ್ ನಿಲ್ಲೋದು ಅತಿ ಸಣ್ಣ ತೊಂದರೆ. ಒಮ್ಮೆ ಬೂಟ್ ಆದಮೇಲೆ ಗ್ರಬ್‌ನ ಡೀಫಾಲ್ಟ್ ಫೈಲನ್ನೂ ಎಫ್‌ಎಸ್‌ಟ್ಯಾಬನ್ನೂ ನೋಡಿ, ಎಚ್‌ಡಿ ಅಂತ ಎಲ್ಲೂ ಉಳಿದಿರಬಾರದು.

ಇನ್ನು ಮುಂದೆ ಏನೇ ಆದ್ರೂ ಮೆಸೇಜ್ ಕೈಗೆ ಸಿಗೋ ಹಾಗೆ ಮಾಡ್ಕೊಳಿ. ಅದೇ ಸಾಲಿಗೆ ಕನ್ಸೋಲ್=ಕಾಮ್0 ಸೇರಿಸಿ, ಕ್ಯೂಎಮುಗೆ -ಸೀರಿಯಲ್ ಎಸ್‌ಟಿಡಿಐಒ ಕೊಟ್ಟು ಟೀ ಮೂಲಕ ಫೈಲಿಗೆ ಹರಿಸಿ. ಪ್ಯಾನಿಕ್ ಆದಾಗ ತೆರೆ ಮೇಲೆ ಕೊನೆಯ ಪುಟ ಮಾತ್ರ ಉಳಿಯುತ್ತೆ, ನಿಜವಾದ ಕಾರಣ ಅದಕ್ಕಿಂತ ಮೇಲೆ ಹರಿದುಹೋಗಿರುತ್ತೆ. ಶುರುವಿನಲ್ಲಿ ಕ್ಯೂಎಮು ಕಿಟಕಿ ಖಾಲಿ ಕಂಡರೆ ಕೆಟ್ಟಿದೆ ಅಂದ್ಕೊಬೇಡಿ, ಮಾತೆಲ್ಲಾ ಸೀರಿಯಲ್‌ಗೆ ಹೋಗ್ತಿದೆ.

ಎಲ್ಲಾ ನಿಂತಾಗ ಒಳಗೆ ಇಣುಕಿ ನೋಡಬೇಕು ಅಂದ್ರೆ ಕೆಡಿಬಿ (ಕರ್ನಲ್ ಒಳಗಿನ ಡಿಬಗ್ಗರ್) ಇರೋ ಕರ್ನಲ್ ಬೇಕು. ಗ್ನುಮಾಕ್ ಇಮೇಜ್‌ಗಳಲ್ಲಿ ಡಿಬಿಜಿ ಅಂತ ಕೊನೆಯಾಗೋದನ್ನ ಹಾಕಿ. ಕ್ಯೂಎಮು ಮಾನಿಟರ್‌ನಲ್ಲಿ ಸೆಂಡ್‌ಕೀ ಸಿಟಿಆರ್‌ಎಲ್-ಆಲ್ಟ್-ಡಿ. ಡಿಬಿ ಅನ್ನೋ ಪ್ರಾಂಪ್ಟ್ ಬರುತ್ತೆ. ‘ಶೋ ಆಲ್ ಥ್ರೆಡ್ಸ್’ ಹೊಡೆದರೆ ಟಾಸ್ಕ್‌ವಾರು ಪಟ್ಟಿ. ಒಂದೇ ಎಕ್ಸ್ಟ್2ಎಫ್‌ಎಸ್ ಕೆಳಗೆ ನೂರಾರು ಥ್ರೆಡ್ ಸಾಲು ನಿಂತಿದ್ದರೆ ಭೀಮಾತೀರ ಹೇಳಿದ್ದೇ. ಸಿ ಒತ್ತಿದರೆ ಸಿಸ್ಟಮ್ ಬಿಟ್ಟಲ್ಲಿಂದ ಮುಂದುವರೀತದೆ, ಆದ್ದರಿಂದ ಧೈರ್ಯವಾಗಿ ನೋಡಿ.

ಸ್ವಾಪ್ ಹಾಕಿದ ಮೇಲೂ /ಕೆಲಸದ ಸರ್ವರ್ ಸತ್ತರೆ ಕ್ರ್ಯಾಶ್ ಸರ್ವರ್ ಬಳಸಿ. /ಸರ್ವರ್ಸ್ ಒಳಗೆ ಕ್ರ್ಯಾಶ್-ಕಿಲ್, ಕ್ರ್ಯಾಶ್-ಸಸ್ಪೆಂಡ್, ಕ್ರ್ಯಾಶ್-ಡಂಪ್-ಕೋರ್ ಅಂತ ಮೂರಿದೆ, ‘ಕ್ರ್ಯಾಶ್’ ಅನ್ನೋ ಲಿಂಕ್ ಅದರಲ್ಲಿ ಒಂದನ್ನ ತೋರಿಸ್ತಿರುತ್ತೆ. ಲಿಂಕನ್ನ ಸಸ್ಪೆಂಡ್‌ಗೆ ತಿರುಗಿಸಿದರೆ ಬೀಳೋ ಪ್ರೊಸೆಸ್ ಸಾಯದೆ ಅಲ್ಲೇ ಹೆಪ್ಪುಗಟ್ಟುತ್ತೆ, ಜಿಡಿಬಿ ಡಿಬಗ್ಗರ್ ಹಾಕಿ ‘ಥ್ರೆಡ್ ಅಪ್ಲೈ ಆಲ್ ಬಿಟಿ’ ತೆಗೀಬಹುದು. ಜಿಡಿಬಿಯನ್ನ ಮುಂಚೆನೇ ಒಮ್ಮೆ ಓಡಿಸಿಟ್ಟಿರಿ. ರೂಟ್‌ನ ಎಕ್ಸ್ಟ್2ಎಫ್‌ಎಸ್ಸೇ ಸಸ್ಪೆಂಡ್ ಆದರೆ ಈ ಉಪಾಯ ನಡೆಯಲ್ಲ, ಜಿಡಿಬಿಯನ್ನ ಡಿಸ್ಕಿಂದ ಓದಿಕೊಡಬೇಕಾದವನೇ ಮಲಗಿರ್ತಾನೆ. ಕಂಪೈಲ್‌ಗೆ ಬೇರೆ ಪಾರ್ಟಿಶನ್ ಇಟ್ಟಿದ್ದು ಆ ಲೆಕ್ಕದಲ್ಲಿ ಒಳ್ಳೇದೇ ಆಯ್ತು.

ಮಾಕ್_ಮಾಣಿ

-ಎ ಬಿಟ್ಟದ್ದು ನನ್ನ ತಪ್ಪು, ಒಪ್ಪಿದೆ. ಇದೇ ಮಾತು ನೆಟ್‌ವರ್ಕಿಗೂ ಅನ್ವಯ. ಪಿಎಫ್‌ಐನೆಟ್ ಸತ್ತು ಆಪ್ಟ್ ‘ಫಾರ್ಮ್’ ಅಂದರೆ ಸೆಟ್‌ಟ್ರಾನ್ಸ್ -ಎಫ್‌ಜಿಎ /ಸರ್ವರ್ಸ್/ಸಾಕೆಟ್/2. ಅಲ್ಲಿ ಎ ಬಿಟ್ಟರೆ ಐಪಿ, ಗೇಟ್‌ವೇ ಎಲ್ಲ ಬರೆದಿಟ್ಟ ದಾಖಲೆ ಅಳಿಸಿಹೋಗ್ತದೆ, ಕೈಯಲ್ಲಿ ಪುನಃ ಬರೆಯಬೇಕು.

ಎಫ್‌ಎಸ್‌ಸಿಕೆಗೆ -ವೈ ಅಂತ ಸಲೀಸಾಗಿ ಬರೆದುಬಿಟ್ಟೆ, ಅದನ್ನೂ ತಿದ್ದುತ್ತೇನೆ. ಮೊದಲು ಕ್ಯೂಎಮು ಪೂರ್ತಿ ನಿಲ್ಲಿಸಿ, ಇಮೇಜಿನ ಒಂದು ಪ್ರತಿ ತೆಗೆದಿಡಿ. ಮತ್ತೆ ಲಿನಕ್ಸ್‌ನಿಂದಲೇ:

ಲೋಸೆಟಪ್ -ಎಫ್‌ಪಿ --ಶೋ ಹರ್ಡ್.ಇಮೇಜ್
ಇ2ಎಫ್‌ಎಸ್‌ಸಿಕೆ -ಎಫ್ -ಎನ್ /ಡೆವ್/ಲೂಪ್0ಪಿ2

ಲೋಸೆಟಪ್‌ನಲ್ಲಿ ಎಫ್ ಸಣ್ಣದು, ಪಿ ದೊಡ್ಡದು. -ಎನ್ ಅಂದರೆ ಏನೂ ಬರೆಯದೆ ಬರೇ ಹೇಳು. ನಾಲ್ಕೈದು ‘ಫ್ರೀ ಬ್ಲಾಕ್ ಕೌಂಟ್ ರಾಂಗ್’, ಬಿಟ್‌ಮ್ಯಾಪ್ ವ್ಯತ್ಯಾಸ ಮಾತ್ರ ಇದ್ದರೆ ಕಣ್ಣುಮುಚ್ಚಿ -ವೈ. ‘ಮಲ್ಟಿಪ್ಲೈ-ಕ್ಲೇಮ್ಡ್ ಬ್ಲಾಕ್ಸ್’ ಅಂತ ಕಂಡರೆ ನಿಲ್ಲಿ. ಎಫ್‌ಎಸ್‌ಸಿಕೆ ಮಾಡದೆ ರೈಟೆಬಲ್ ಮಾಡಿದ ಫಲ ಅದು. ಆ ಫೈಲುಗಳ ಹೆಸರು ಬರೆದುಕೊಂಡು, -ವೈ ಮುಗಿದ ಮೇಲೆ ಅವು ಯಾವ ಪ್ಯಾಕೇಜಿನದ್ದು ನೋಡಿ ಪುನಃ ಇನ್‌ಸ್ಟಾಲ್ ಮಾಡಿ. ಕೊನೆಗೆ ಲೋಸೆಟಪ್ -ಡಿ ಕೊಟ್ಟು ಬಿಡಿಸಿಯೇ ಕ್ಯೂಎಮು ಎಬ್ಬಿಸಿ. ಎರಡೂ ಬದಿಯಿಂದ ಒಂದೇ ಇಮೇಜು ತೆರೆದರೆ ಯಾವ ಎಫ್‌ಎಸ್‌ಸಿಕೆಯೂ ಕಾಯುವುದಿಲ್ಲ.

ಕರೆಂಟಿನ ತೊಂದರೆಗೆ: ಮೂಲ ಇಮೇಜನ್ನು ಶುದ್ಧ ಇರುವಾಗಲೇ ಬದಿಗಿಟ್ಟು ಮೇಲೊಂದು ಪದರ ಮಾಡಿ, ಕ್ಯೂಎಮು-ಐಎಂಜಿ ಕ್ರಿಯೇಟ್ -ಎಫ್ ಕ್ಯೂಕೌ2 -ಬಿ ಹರ್ಡ್.ಇಮೇಜ್ -ಎಫ್ ರಾ ಪದರ.ಕ್ಯೂಕೌ2 ಅಂತ. ಎರಡನೆಯ ಎಫ್ ದೊಡ್ಡದು. ಹಾಳಾದರೆ ಪದರ ಬಿಸಾಡಿ ಹೊಸತು ಮಾಡಿದರಾಯ್ತು. ಡ್ರೈವ್ ಸಾಲಿನಲ್ಲಿ ಕ್ಯಾಶ್=ರೈಟ್‌ಥ್ರೂ ಹಾಕಿ. ನಿಧಾನ ಆಗ್ತದೆ, ಆದರೆ ಹರ್ಡ್ ಬರೆದದ್ದು ಲಿನಕ್ಸ್‌ನ ಮೆಮೊರಿಯಲ್ಲಿ ಕೂರದೆ ಡಿಸ್ಕಿಗೆ ಹೋಗ್ತದೆ. ಗುಡುಗು ಕೇಳಿದ ಕೂಡಲೇ ಸಿಂಕ್, ಹಾಲ್ಟ್. ‘ಇನ್ ಟೈಟ್ ಲೂಪ್’ ಅಂತ ಒಂದು ಸಾಲು ಕಂಡರೆ ಅದು ಎರರ್ ಅಲ್ಲ, ಡಿಸ್ಕ್ ಬರೆದು ಮುಗಿದಿದೆ, ಕಿಟಕಿ ಮುಚ್ಚಬಹುದು. ಅದು ಕಾಣುವ ಮೊದಲೇ ಮುಚ್ಚಿದರೆ ಕರೆಂಟು ಹೋದ ಹಾಗೆಯೇ ಲೆಕ್ಕ.

ಪೆರ್ಲ_ಪೋರ್ಟ್

ಬೂಟ್ ಆಯ್ತು. -ಎನ್‌ನಲ್ಲಿ ಬಿಟ್‌ಮ್ಯಾಪ್ ವ್ಯತ್ಯಾಸ ಮಾತ್ರ ಇತ್ತು, -ವೈ ಕೊಟ್ಟೆ. ಎಸ್3ಕ್ಕೂ ಎಫ್‌ಎಸ್‌ಸಿಕೆ ಮಾಡಿ ಸೆಟ್‌ಟ್ರಾನ್ಸ್ ಹಾಕಿದ ಮೇಲೆ /ಕೆಲಸ ಫೈಲು ಸಮೇತ ಬಂತು. ಸ್ವಾಪ್ 1 ಜಿಬಿ, ಜೆ1. ಅದೇ ಕಂಪೈಲ್ ಕೊನೆಯವರೆಗೆ ಹೋಯ್ತು, ಸ್ವಾಪಿನಲ್ಲಿ ಸುಮಾರು 200 ಎಂ ಹಿಡಿದಿತ್ತು.

ಒಂದೇ ಸಂಶಯ. 64 ಬಿಟ್‌ಗೆ ಹೋದರೆ ಈ ಸ್ವಾಪಿನ ಗೋಜು ತಪ್ತದಾ? ಲ್ಯಾಪ್‌ಟಾಪಿನಲ್ಲಿ 8 ಜಿಬಿ ಉಂಟು.

ಭೀಮಾತೀರ

2025ರ ಆಗಸ್ಟ್‌ನಾಗ ಬಂದ ಡೆಬಿಯನ್ ಗ್ನು/ಹರ್ಡ್‌ದಾಗ 64 ಬಿಟ್ ಅದ, ಹೆಚ್ಚು ರ್‍ಯಾಮ್ ಕೊಡಬಹುದು. 3 ಜಿಬಿ ಕೊಟ್ರ ಜೆ1ಕ್ಕ ಸ್ವಾಪ್ ಮುಟ್ಟೂದ ಅಪರೂಪ. ಆದ್ರೂ ಸ್ವಾಪ್ ತಗೀಬ್ಯಾಡ್ರಿ. ಪೇಜ್ ಹೊರಗ ಹಾಕೂ ರೀತಿ ಅಲ್ಲೂ ಇದ. 32 ಬಿಟ್ ಇಮೇಜ್ ಜಾಗಾದಾಗೇ 64ಕ್ಕ ಏರಸಾಕ ಹೋಗಬ್ಯಾಡ್ರಿ, ಹೊಸ ಇಮೇಜ್ ಇಳಿಸಿ ಡಬ್ಲ್ಯೂಡಿ1 ಅಷ್ಟ ಅದಕ್ಕ ಜೋಡಸ್ರಿ.